ಹಲ್ಲಿ ತೋರಿಸಿದ ಜಾವಾ ದಾರಿ

ಹಲ್ಲಿ ಮೊದಲು ಬಿದ್ದದ್ದು ನಿಜಲಿಂಗಪ್ಪನ ನೆತ್ತಿಯ ಮೇಲೆ. ಅಲ್ಲಿ ಕೂದಲು ಕಡಿಮೆ. ಹಿಡಿತ ಸಿಗದೆ ಜಾರಿ, ಬಲಪಾದದ ಮೇಲೆ ಒಂದು ಗಳಿಗೆ ಕೂತು, ಅಕ್ಕಿ ಡಬ್ಬಿಯ ಹಿಂದೆ ಮಾಯವಾಯಿತು. ಶಿವ ತನ್ನ ಮಾತನ್ನು ಯಾರ ಕೈಲಿ ಹೇಳಿಕಳಿಸುತ್ತಾನೋ ಬಲ್ಲವರಾರು?

ಹೆಂಡತಿ ರುದ್ರವ್ವ ಕುದಿಯುವ ಚಹಾ ಬಿಟ್ಟು ಪಂಚಾಂಗ ಹಿಡಿದು ಬಂದಳು.

“ನೆತ್ತಿಗೆ ಬಿದ್ರ ಜಗಳ ಅಂತ ಬರದಾರ್ರೀ.”

“ಪಾದಕ್ಕ ಏನದ ನೋಡು. ಅದು ಬಂದಿದ್ದ ಪಾದಕ್ಕ. ನೆತ್ತಿ ಬರೇ ದಾರಿ.”

ರುದ್ರವ್ವನ ಬೆರಳು ಪುಟದ ಕೆಳಕ್ಕಿಳಿಯಿತು. “ಪಾದಕ್ಕ... ಪ್ರಯಾಣ.”

ನಿಜಲಿಂಗಪ್ಪ ಅಕ್ಕಿ ಡಬ್ಬಿಗೆ ಭಕ್ತಿಯಿಂದ ಕೈಮುಗಿದ.

ಅವನು ಪುಣೆಯ ಭೋಸರಿಯಲ್ಲಿ ಸಕ್ಕರೆ ಕಾರ್ಖಾನೆಗಳಿಗೆ ಯಂತ್ರ ಮಾಡಿಕೊಡುವ ಕಂಪನಿಯೊಂದರಲ್ಲಿ ಡಿಸ್ಪ್ಯಾಚ್ ಕಾರಕೂನ. ಅವನು ಚೀಟಿ ಅಂಟಿಸಿದ ಪೆಟ್ಟಿಗೆಗಳು ಏಳು ಸಮುದ್ರ ದಾಟಿದ್ದವು. ಅವನು ಮಾತ್ರ ಪುಣೆಗೆ ಬಂದ ಮೇಲೆ ಪಕ್ಕದ ಸಾಸವಡದ ಆಚೆ ಹೋಗಿರಲಿಲ್ಲ. ಈಗ ಇಂಡೋನೇಷ್ಯಾದ ಜಾವಾಕ್ಕೆ ಒಂದು ಯಂತ್ರ ಹೊರಟಿತ್ತು. ಜೊತೆಗೆ ಕಾಗದಪತ್ರ ನೋಡಿಕೊಳ್ಳಲು ಒಬ್ಬನನ್ನು ಕಳಿಸಬೇಕಿತ್ತು. ಹಿಂದೊಮ್ಮೆ ಪರದೇಶಕ್ಕೆ ಹೋದವನು ಅಲ್ಲಿಯ ರೀತಿನೀತಿ ತಿಳಿಯದೆ, ಗಿರಾಕಿಯನ್ನೇ ಸಿಟ್ಟಿಗೆಬ್ಬಿಸಿ ಬಂದಿದ್ದ. ಅದಕ್ಕೇ ಮಾಲೀಕರಾದ ದಾತಾರ್ ಸಾಹೇಬರು ಹಿಂದಿನ ದಿನ ನಿಜಲಿಂಗಪ್ಪನನ್ನು ಕರೆದು ಹೇಳಿದ್ದರು: “ಆ ದೇಶದ ಇತಿಹಾಸ, ಸಂಸ್ಕೃತಿ, ಕಾಡು, ಪ್ರಾಣಿ, ಎಲ್ಲ ಓದಿಕೊಂಡು ನಾಳೆ ಸಂಜೆ ಮನೆಗೆ ಬಾ. ನನಗೆ ಒಪ್ಪಿಗೆಯಾದರೆ ವಿಮಾನ ಹತ್ತುವವನು ನೀನೇ.”

ವಿಮಾನ! ಆ ಮಾತು ಕೇಳಿದಾಗಿನಿಂದ ನಿಜಲಿಂಗಪ್ಪ ಬಸ್ಸಿನಲ್ಲಿ ಕೂತರೂ ಸೊಂಟದ ಪಟ್ಟಿ ಹುಡುಕುತ್ತಿದ್ದ.

ಅಂದು ಗುರುವಾರ, ಭೋಸರಿಗೆಲ್ಲ ವಾರದ ರಜೆ. ನಿಜಲಿಂಗಪ್ಪ ಪುಸ್ತಕದಂಗಡಿಗಳ ಅಪ್ಪಾ ಬಳವಂತ ಚೌಕಕ್ಕೆ ಹೊರಟರೆ ಪಕ್ಕದ ಮನೆಯ ಸಕ್ಕುಬಾಯಿ ಚಪ್ಪಲಿ ಮೆಟ್ಟಿಕೊಂಡೇ ನಿಂತಿದ್ದಳು. ಸೋಮವಾರ ಪೇಠೆಯ ಆ ಚಾಳಿನ ವಠಾರದಲ್ಲಿ ಯಾರ ಮನೆಗೆ ಏನು ಕೊಂಡರೂ ಆರಿಸುವವಳು ಅವಳೇ.

“ನೀ ಒಬ್ನ ಹೋದ್ರ ಅಂಗಡಿಯಾವ ಹಳೇ ಮಾಲು ಕಟ್ತಾನ ತಮ್ಮಾ. ನಡಿ.”

ಅಂಗಡಿಯವನು ಇಂಡೋನೇಷ್ಯಾದ ಮೇಲೆ ಮೂರು ಪುಸ್ತಕ ತಂದಿಟ್ಟ. ಇತಿಹಾಸದ್ದು ತಲೆದಿಂಬಿನಷ್ಟು ದಪ್ಪ. ನಿಜಲಿಂಗಪ್ಪ ಪೆಟ್ಟಿಗೆ ನೋಡುವ ರೂಢಿಯಂತೆ ಕೈಯಲ್ಲಿ ತೂಗಿ ನೋಡಿ, ಮೂಲೆಗಳು ಜಜ್ಜಿಹೋಗಿವೆಯೇ ಎಂದು ಪರೀಕ್ಷಿಸಿದ.

“ಅದ್ರಾಗ ಒಂದೂ ಚಿತ್ರ ಇಲ್ಲ,” ಎಂದಳು ಸಕ್ಕುಬಾಯಿ. “ರಾಜರೆಲ್ಲಾ ಸತ್ತೋಗ್ಯಾರ. ನಿನಗ ಏರ್‌ಪೋರ್ಟಿಗೆ ಕರಿಯಾಕ ಅವರೇನ್ ಬರ್ತಾರೇನು?”

“ಸಾಹೇಬ್ರು ಇತಿಹಾಸ ಕೇಳ್ತಾರ ಅಕ್ಕಾ.”

“ಹಂಗಾರ ಇದನ್ನೂ ತಗೋ, ಇದನ್ನೂ ತಗೋ.” ಬೊಂಬೆಗಳ ಚಿತ್ರವಿದ್ದ ಸಂಸ್ಕೃತಿಯ ಪುಸ್ತಕವನ್ನೂ ಪ್ರಾಣಿಗಳದ್ದನ್ನೂ ಅವಳೇ ಚೀಲಕ್ಕೆ ಹಾಕಿದಳು.

ಮನೆ ಮುಟ್ಟುವಷ್ಟರಲ್ಲಿ ಮೇಲಿನ ಮನೆಯ ಫಕೀರಪ್ಪ ಮಾಸ್ತರರು ಮೆಟ್ಟಿಲಲ್ಲೇ ಅಡ್ಡಗಟ್ಟಿದರು. ನಿವೃತ್ತರಾದರೂ ತಿದ್ದುವ ಚಟ ಬಿಟ್ಟಿರಲಿಲ್ಲ. “ಇತಿಹಾಸ ಮೊದ್ಲ ನಾ ನೋಡ್ತೀನಿ. ತಪ್ಪಿದ್ರ ಗುರುತು ಹಾಕ್ತೀನಿ,” ಎಂದು ಒಯ್ದು, ಅದನ್ನು ತಲೆದಿಂಬು ಮಾಡಿಕೊಂಡು ಗೊರಕೆ ಶುರುಮಾಡಿದರು.

ಇತ್ತ ರುದ್ರವ್ವ ಪ್ರಾಣಿಗಳ ಪುಸ್ತಕ ತೆರೆದವಳೇ ಚೀರಿದಳು. ಪುಟದ ತುಂಬ ಒಂದು ಹಲ್ಲಿ. ಕೊಮೊಡೊ ಎಂಬ ದ್ವೀಪದ್ದು, ಹತ್ತಡಿ ಉದ್ದ, ಜಿಂಕೆಯನ್ನೇ ಹಿಡಿದು ತಿನ್ನುವಂಥದ್ದು.

“ಇದು ನೆತ್ತಿ ಮ್ಯಾಲ ಬಿದ್ರ ಏನ್ ಫಲರೀ? ಪಂಚಾಂಗದಾಗ ಇಷ್ಟ್ ದೊಡ್ಡ ಹಲ್ಲಿದು ಬರದೇ ಇಲ್ಲ!”

“ಇದು ಗ್ವಾಡಿ ಏರಂಗಿಲ್ಲ ರುದ್ರವ್ವಾ. ಇದರ ದ್ವೀಪನ ಬ್ಯಾರೆ. ಜಾವಾಕ್ಕೂ ಅದಕ್ಕೂ ನಡುವ ಸಮುದ್ರ ಅದ.”

“ಅದಕ್ಕ ಈಜಾಕ ಬರ್ತದೇನು?”

ಬರುತ್ತದೆ ಎಂದು ಪುಸ್ತಕದಲ್ಲಿತ್ತು. ನಿಜಲಿಂಗಪ್ಪ ಶಿವನನ್ನು ನೆನೆದು ಮೆಲ್ಲಗೆ ಪುಟ ಮುಚ್ಚಿದ. ಆದರೆ ರುದ್ರವ್ವ ಅವನ ಪಾಸ್‌ಪೋರ್ಟನ್ನು ಆಗಲೇ ಜೋಳದ ಹಿಟ್ಟಿನ ಡಬ್ಬಿಯೊಳಗೆ ಹೂತುಬಿಟ್ಟಿದ್ದಳು.

ಅವಳ ಮನಸ್ಸು ತಿರುಗಿಸಬೇಕಲ್ಲ. ಅವನು ಸಂಸ್ಕೃತಿಯ ಪುಸ್ತಕ ಬಿಚ್ಚಿದ. ಬಿಚ್ಚಿದವನು ತಾನೇ ಬೆರಗಾದ. ಪರದೆ, ಹಿಂದೊಂದು ದೀಪ, ತೊಗಲು ಗೊಂಬೆ! ಚಿಕ್ಕಂದಿನಲ್ಲಿ ಊರ ಬಯಲಲ್ಲಿ ಕಂಬಳಿ ಹೊದ್ದು ನೋಡಿದ್ದ ಅದೇ ಆಟ. ಸಮುದ್ರದಾಚೆಯೂ ರಾಮ ಬಿಲ್ಲೆತ್ತಿದ್ದಾನೆ, ಭೀಮ ಗದೆ ಹೊತ್ತಿದ್ದಾನೆ. ಮೂಗು ಮಾತ್ರ ಇನ್ನಷ್ಟು ಚೂಪು. ಅವನ ದನಿ ತಾನಾಗಿ ಏರಿತು. ಗೊಂಬೆಯಾಟದವನ ಹಾಗೆ ಸೀತೆಗೊಂದು ದನಿ, ಹನುಮಂತನಿಗೊಂದು ದನಿ ತೆಗೆದು ಹೇಳತೊಡಗಿದ. ಅಲ್ಲಿಯ ಹಳೆಯ ನೋಟೊಂದರ ಮೇಲೆ ಗಣಪ್ಪ, ರಾಜಮುದ್ರೆಯಲ್ಲಿ ಗರುಡ, ಮುಗಿಲು ಮುಟ್ಟುವ ಶಿವನ ಗುಡಿ. ಕುಕ್ಕರ್ ಆರಿಸಿ ಎದುರು ಮನೆಯ ಯಂಕವ್ವ ಬಂದಳು, ಸಕ್ಕುಬಾಯಿ ಬಂದಳು. ಬಾಗಿಲು ತುಂಬಿತು.

“ಅಂದ್ರ ಅದು ಕ್ಷೇತ್ರ!” ಎಂದಳು ಯಂಕವ್ವ, ಕಣ್ಣೊರೆಸಿಕೊಂಡು.

“ಕ್ಷೇತ್ರ ಅಲ್ಲವ್ವಾ, ದೇಶ. ಅಲ್ಲಿ ಭಾಳ ಮಂದಿ ಮುಸಲ್ಮಾನ್ರು. ನಮಾಜೂ ಮಾಡ್ತಾರ, ರಾಮಾಯಣನೂ ಆಡ್ತಾರ.”

“ಅದಕ್ಕೇನಾತು? ನಮ್ಮೂರಾಗ ಮೊಹರಮ್ಮಿಗೆ ನಾವು ಹೆಜ್ಜಿ ಹಾಕಂಗಿಲ್ಲೇನು? ದೇವರಿಗೆ ಗೊತ್ತಾಗ್ತದ ತಗೋ,” ಎಂದು ಸಕ್ಕುಬಾಯಿ ಆ ಚರ್ಚೆ ಮುಗಿಸಿದಳು.

ಮುಂದಿನದು ನಿಜಲಿಂಗಪ್ಪನ ಕೈಮೀರಿತು. ಯಾತ್ರೆಗೆ ಹೊರಟವನನ್ನು ಬರಿಗೈಲಿ ಕಳಿಸುವುದುಂಟೇ? ಯಂಕವ್ವ ಹಳದಿ ಬಟ್ಟೆಯಲ್ಲಿ ಮುಡಿಪು ಕಟ್ಟಿ ತಂದಳು: “ಇದು ಅಲ್ಲಿ ಹನುಮಪ್ಪಗ.” ಸಕ್ಕುಬಾಯಿಯದು ಸೊಸೆಯ ಬಸಿರಿಗೆ. ನೋಡುನೋಡುತ್ತ ಮಡಿಲು ತುಂಬಿತು. ಹಿಟ್ಟು ಕೊಡವಿ ಪಾಸ್‌ಪೋರ್ಟ್ ತಂದ ರುದ್ರವ್ವ ಅದಕ್ಕೆ ಕುಂಕುಮ ಹಚ್ಚಿ, ಗಂಡನ ಕೊರಳಿಗೆ ಹಾರ ಹಾಕಿದಳು. ಎಲ್ಲರೂ ಕಾಲಿಗೆ ಬಿದ್ದರು. ಬೆಳಿಗ್ಗೆ ಹಲ್ಲಿ ಕೂತಿದ್ದ ಪಾದಕ್ಕೇ ಹೆಚ್ಚು ನಮಸ್ಕಾರ ಬಿದ್ದವು.

ಸಂಜೆ ಅವನು ಮಾಸ್ತರರ ತಲೆ ಎತ್ತಿ ಇತಿಹಾಸ ಎಳೆದುಕೊಂಡು ಹೊರಟ. ಮೂವರೂ ಹೆಂಗಸರು ಹಾಡು ಹೇಳುತ್ತ ಬೆನ್ನು ಹತ್ತಿದರು.

“ನೀವ್ಯಾಕ?”

“ಯಾತ್ರಿಗೆ ಹೋಗಾವರನ್ನ ಒಬ್ಬರನ್ನ ಬಿಡಬಾರ್ದರೀ,” ಎಂದಳು ರುದ್ರವ್ವ.

ಸಹಕಾರನಗರದಲ್ಲಿ ಬಾಗಿಲು ತೆರೆದ ದಾತಾರ್ ಸಾಹೇಬರು, ಹಾರ ಹಾಕಿಕೊಂಡು ಗಂಟುಗಳ ನಡುವೆ ನಿಂತ ಕಾರಕೂನನನ್ನು ನೋಡಿ ಗಣಪತಿಯ ಚಂದಾ ಕೇಳಲು ಬಂದವರೆಂದೇ ತಿಳಿದರು. ಒಳಗೆ ಉಯ್ಯಾಲೆಯ ಮೇಲೆ ಅವರ ತಾಯಿ ಜಪಮಾಲೆ ಎಣಿಸುತ್ತಿದ್ದರು. ಅಥಣಿಯ ತವರು, ಕನ್ನಡ ಬಲ್ಲವರು.

“ಹಾಂ, ಹೇಳು,” ಎಂದರು ಸಾಹೇಬರು.

ನಿಜಲಿಂಗಪ್ಪ ಹೇಳಿದ. ಓದದ ಇತಿಹಾಸವನ್ನು ಬದಿಗಿಟ್ಟು, ಮಧ್ಯಾಹ್ನದ ಕತೆಯನ್ನೇ ಮತ್ತೆ ಬಿಚ್ಚಿದ. ಸೋಫಾದ ಹಿಂದೆ ಅಡಗಿ ಕೈಯ ನೆರಳಿನಲ್ಲಿ ಹನುಮಂತನನ್ನು ಗೋಡೆಯ ಮೇಲೆ ಹಾರಿಸಿದ. ಶಿವನ ಗುಡಿಗೆ ಬರುವಷ್ಟರಲ್ಲಿ ತಾಯಿಯ ಜಪಮಾಲೆ ನಿಂತಿತ್ತು.

“ಶಾಬ್ಬಾಸ್!” ಸಾಹೇಬರು ಎದ್ದು ಬೆನ್ನು ತಟ್ಟಿದರು. “ಒಂದು ದೇಶವನ್ನು ಹೀಗೆ ಯಾರೂ ನನಗೆ ತೋರಿಸಿರಲಿಲ್ಲ.”

ನಿಜಲಿಂಗಪ್ಪನ ಹಿಮ್ಮಡಿ ನೆಲ ಬಿಟ್ಟಿತು. ಅದೇ ಹೊತ್ತಿಗೆ ಉಯ್ಯಾಲೆಯಿಂದ ದನಿ ಬಂತು.

“ಮಗಾ, ನಾ ಕಾಶಿ ಕಂಡೆ, ರಾಮೇಶ್ವರ ಕಂಡೆ. ಇದೊಂದು ಉಳದದ. ಕಾಗದಪತ್ರ ನೀನಽ ನೋಡ್ಕೋ. ನನ್ನ ಕರ್ಕೊಂಡ್ ಹೋಗು.”

ಸಾಹೇಬರು ತಾಯಿಯ ಮುಖ ನೋಡಿದರು. “ಹೌದಲ್ಲ ಆಯೀ. ನಾವೇ ಹೋಗೋಣ.”

ನಿಜಲಿಂಗಪ್ಪ ಕಡೆಯ ಅಸ್ತ್ರವಾಗಿ ಪ್ರಾಣಿಗಳ ಪುಸ್ತಕ ಬಿಡಿಸಿ ಮುಂದೆ ಹಿಡಿದ. “ಆಯೀ, ಅಲ್ಲಿ ಹತ್ತಡಿ ಹಲ್ಲಿ ಅದಾವ್ರಿ! ಜಿಂಕಿ ತಿಂತಾವ್ರಿ!”

ಆಯಿ ಬೆಚ್ಚಿದರು. ಆಗ ರುದ್ರವ್ವ ಮುಂದೆ ಬಂದು ಸಮಾಧಾನ ಹೇಳಿದಳು: “ಅಂಜಬ್ಯಾಡ್ರಿ ಆಯೀ. ಅದರ ದ್ವೀಪನ ಬ್ಯಾರೆ ಅದ. ನಡುವ ಸಮುದ್ರ ಅದ. ಇವರಽ ಓದಿ ಹೇಳ್ಯಾರ.”

ಅಷ್ಟಕ್ಕೇ ನಿಲ್ಲಲಿಲ್ಲ. ಯಂಕವ್ವ ಅವನ ಕೈಯಿಂದ ಮುಡಿಪು ಕಿತ್ತು ಆಯಿಯ ಮಡಿಲಿಗೆ ಹಾಕಿದಳು. ಸಕ್ಕುಬಾಯಿ ತನ್ನದನ್ನೂ ಇಟ್ಟಳು. ರುದ್ರವ್ವ ಗಂಡನ ಕೊರಳ ಹಾರ ತೆಗೆದು, ಮುದುಡಿದ ಹೂ ನೇರ್ಪಡಿಸಿ, ಆಯಿಗೆ ಹಾಕಿದಳು. ಮೂವರೂ ಆ ಪಾದಗಳಿಗೆ ಬಿದ್ದರು. ಯಾತ್ರೆ ಮುಖ್ಯ, ಯಾತ್ರಿಕ ಯಾರಾದರೇನು?

“ಈ ಎರಡು ಪುಸ್ತಕ ನಮಗೆ ಬೇಕಾಗುತ್ತವೆ,” ಎಂದರು ಸಾಹೇಬರು. “ಇತಿಹಾಸ ನೀನೇ ಇಟ್ಟುಕೋ, ವಿಮಾನದಲ್ಲಿ ಭಾರವಾದೀತು. ನಾಳೆ ಬೇಗ ಬಾ. ಆಯಿಯ ಸಾಮಾನು ನೀನೇ ಪ್ಯಾಕ್ ಮಾಡಬೇಕು. ಆ ಕೆಲಸದಲ್ಲಿ ನಿನ್ನನ್ನು ಮೀರಿಸುವವರಿಲ್ಲ.”

ಹೊರಗೆ ಬಂದಾಗ ಮಳೆ ಹನಿಯತೊಡಗಿತ್ತು. ಸಿಕ್ಕಿದ್ದು ಒಂದೇ ರಿಕ್ಷಾ. ಹೆಂಗಸರು ಮೂವರೂ ಹತ್ತಿ ಕೂತರು. ನಾಲ್ಕನೆಯವನನ್ನು ಕೂರಿಸುವುದಿಲ್ಲ ಎಂದ ರಿಕ್ಷಾದವನ ಜೊತೆ ನಿಜಲಿಂಗಪ್ಪ ಬೀದಿ ಕೇಳುವಂತೆ ಜಗಳವಾಡಿದ. ರಿಕ್ಷಾ ಹೊರಟೇಬಿಟ್ಟಿತು.

ಅವನು ಇತಿಹಾಸವನ್ನು ನೆತ್ತಿಯ ಮೇಲೆ ಹೊತ್ತು ಸೋಮವಾರ ಪೇಠೆಯ ಕಡೆಗೆ ಹೆಜ್ಜೆ ಹಾಕಿದ. ಸ್ವಾರಗೇಟ್ ದಾಟುವಾಗ ಬಲಗಾಲಿನ ಚಪ್ಪಲಿಯೂ ಹರಿಯಿತು. ಒದ್ದೆ ರಸ್ತೆಯ ಮೇಲೆ ತನ್ನ ಬರಿಪಾದವನ್ನು ನೋಡುತ್ತ ಅವನು ನಿಂತ. ನೆತ್ತಿಗೆ ಜಗಳ, ಪಾದಕ್ಕೆ ಪ್ರಯಾಣ. ಪಂಚಾಂಗದಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.