ಸದ್ದಿಲ್ಲದ ಜನರೇಟರ್

ಅತ್ತೆಯದು ಒಂದೇ ಷರತ್ತು: ರಾತ್ರಿಯಿಡೀ ಏಸಿ ಓಡಬೇಕು. ಇಲ್ಲದಿದ್ದರೆ ಅವರು ಪ್ರವಾಸಕ್ಕೆ ಬರುವುದಿಲ್ಲ. ಅವರು ಬಾರದಿದ್ದರೆ ಹೆಂಡತಿಯೂ ಬರುವುದಿಲ್ಲ. ಆಗಲೇ ಎರಡು ಸಲ ಪ್ರವಾಸ ಮುಂದೂಡಿದ್ದ ಮುಳ್ಳಪ್ಪನಿಗೆ ಹೆಂಡತಿ ಬೆಳಿಗ್ಗೆಯೇ ಹೇಳಿಬಿಟ್ಟಿದ್ದಳು: "ಈ ಸಲಾನೂ ತಪ್ಪಿದ್ರೆ, ಇನ್ಮೇಲೆ ನನ್ನ ಹತ್ರ ಪ್ರವಾಸದ ಮಾತೇ ಎತ್ಬೇಡಿ."

ಗಡಿಯಾರ ರಿಪೇರಿಯವನಾದ್ದರಿಂದ ಬೀದಿಯವರು ಅವನಿಗಿಟ್ಟ ಹೆಸರು ಮುಳ್ಳಪ್ಪ. ದಿನವಿಡೀ ಟಿಕ್ ಟಿಕ್ ಕೇಳಿ ಪಳಗಿದ ಜೀವ. ಪಕ್ಕದ ಮನೆಯಲ್ಲಿ ಪಾತ್ರೆ ಬಿದ್ದರೂ ಎದೆ ಧಸಕ್ ಎನ್ನುತ್ತಿತ್ತು. ಅವನು ಕೊಂಡ ಹಳೆಯ ಕ್ಯಾಂಪರ್ ವ್ಯಾನಿನಲ್ಲಿ ಒಲೆ, ಹಾಸಿಗೆ, ಏಸಿ ಎಲ್ಲ ಇದ್ದವು. ಏಸಿಗೆ ಕರೆಂಟ್ ಕೊಡುವ ಜನರೇಟರ್ ಮಾತ್ರ ಇರಲಿಲ್ಲ. ಹೊರಡುವುದು ನಾಳೆ.

ಮೊದಲು ಕೈಯಲ್ಲೇ ಎತ್ತಿ ತರುವಂಥ ಪುಟ್ಟದೊಂದನ್ನು ತಂದ. ಪರೀಕ್ಷೆಗೆಂದು ಅತ್ತೆ ವ್ಯಾನಿನೊಳಗೆ ಮಲಗಿದರು. ಏಸಿ ಒಮ್ಮೆ ಗುರ್ ಎಂದಿತು, ಜನರೇಟರ್ ಉಸಿರು ಬಿಟ್ಟಿತು. ಎದುರುಮನೆಯ ಎಲೆಕ್ಟ್ರಿಷಿಯನ್ ಗೋಡೆಗೊರಗಿ ನೋಡುತ್ತಿದ್ದವನು, ಏಸಿ ಶುರುವಾಗುವಾಗ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆಯುತ್ತದೆ, ದೊಡ್ಡದು ತನ್ನಿ ಎಂದು ಪುಕ್ಕಟೆ ಉಪದೇಶ ಕೊಟ್ಟ.

ಮುಳ್ಳಪ್ಪ ಓಡಿಹೋಗಿ ದೊಡ್ಡದನ್ನೇ ತಂದ. ಏಸಿ ಓಡಿತು, ಆದರೆ ಆ ಆರ್ಭಟಕ್ಕೆ ಬೀದಿಯ ಕಿಟಕಿಗಳೆಲ್ಲ ತೆರೆದವು. ಮಹಡಿಮನೆಯಾಕೆ ಮಗು ಎದ್ದಿತೆಂದು ಬೈದಳು. ನಿವೃತ್ತ ಮೇಷ್ಟ್ರು ಕಿವಿಗೆ ಹತ್ತಿ ತುರುಕಿಕೊಂಡು ಬಂದು, ಮದುವೆಯಾದ ಗಂಡಸಿಗೆ ಇಷ್ಟು ಸದ್ದು ಮಾಡುವ ಧೈರ್ಯ ಎಲ್ಲಿಂದ ಬಂತು ಎಂದು ಕೇಳಿದರು. ವ್ಯಾನಿನೊಳಗಿಂದ ಅತ್ತೆಯ ಸದ್ದೇ ಇಲ್ಲ. ಕೋಪ ನೆತ್ತಿಗೇರಿದೆ ಎಂದುಕೊಂಡ ಮುಳ್ಳಪ್ಪ ಜನರೇಟರ್ ಆರಿಸಿದ. ಅತ್ತೆ ಮುಖ ಗಂಟಿಕ್ಕಿಕೊಂಡು ಹೊರಬಂದರು. ಅವನು ಅದನ್ನು ಅಂಗಡಿಗೆ ವಾಪಸ್ ಹೊತ್ತೊಯ್ದ.

ಮೂರನೆಯದು ಅಪ್ಪಟ ಸಾಧು. ಓಡುತ್ತಿದೆಯೋ ಇಲ್ಲವೋ ಎಂದು ಎಲೆಕ್ಟ್ರಿಷಿಯನ್ನೇ ಮುಟ್ಟಿ ನೋಡಿದ. ಅತ್ತೆ ಮತ್ತೆ ಮಲಗಿದರು, ಹೆಂಡತಿ ಬಟ್ಟೆ ಜೋಡಿಸಲು ವ್ಯಾನಿನೊಳಗೆ ಹೋದಳು. ಮುಳ್ಳಪ್ಪ ಅಬ್ಬಾ ಎಂದು ಮೆಟ್ಟಿಲ ಮೇಲೆ ಕುಳಿತ.

ಆಗ ಶುರುವಾಯಿತು ಗೊರಕೆ. ವ್ಯಾನಿನ ಚಮಚಗಳೆಲ್ಲ ಗಲಗಲ ಅಲುಗಿದವು. ಹೆಂಡತಿ ದಿಂಬು ಅವಚಿಕೊಂಡು ಹೊರಗೆ ಓಡಿಬಂದಳು.

"ಅಮ್ಮ ಮೊದ್ಲು ಹೀಗಿರ್ಲಿಲ್ಲ ಕಣ್ರೀ. ಆ ದೊಡ್ಡದನ್ನೇ ತಂದ್ಬಿಡಿ, ಅದು ಓಡ್ತಿದ್ದಾಗ ಇದ್ಯಾವ್ದೂ ಕೇಳಿಸ್ತಿರ್ಲಿಲ್ಲ."

ಮುಳ್ಳಪ್ಪ ಅಂಗಡಿಗೆ ಓಡಿದ. ಅದು ಆಗಲೇ ಮಾರಾಟವಾಗಿತ್ತು. ಸೋತ ಮುಖ ಹೊತ್ತು ಮನೆಗೆ ಬಂದರೆ ಬಾಗಿಲಲ್ಲಿ ಭಾವಮೈದ ತಾಯಿಯ ಪೆಟ್ಟಿಗೆ ಇಳಿಸುತ್ತಿದ್ದ; ಅತ್ತೆ ಇರುವುದು ಅವನ ಮನೆಯಲ್ಲೇ. ಅವನ ಕಾರಿನ ಹಿಂದೆ ಅದೇ ದೊಡ್ಡ ಜನರೇಟರ್.

"ನಿಮ್ಮನೇಲಿ ಕರೆಂಟ್ ಹೋಗೋದೇ ಇಲ್ವಲ್ಲೋ?" ಎಂದ ಮುಳ್ಳಪ್ಪ.

"ಕರೆಂಟಿಗಲ್ಲ ಭಾವ, ಸದ್ದಿಗೆ," ಎಂದು ಅವನು ಗುಟ್ಟಾಗಿ ಹೇಳಿದ.

ಮುಳ್ಳಪ್ಪ ಕೈಮುಗಿದು ಬೇಡಿದ. ಏನು ಬೇಕಾದರೂ ಕೇಳಿ, ಇದೊಂದು ಬೇಡ, ಪ್ರವಾಸ ಮುಗಿದ ಮೇಲೆ ಅಮ್ಮ ಬರುವುದು ನಮ್ಮ ಮನೆಗೇ ತಾನೇ ಎಂದ ಭಾವಮೈದ.

ಅಷ್ಟರಲ್ಲಿ ಅತ್ತೆ ಮೈಮುರಿಯುತ್ತ ವ್ಯಾನಿನಿಂದ ಇಳಿದರು. ಮುಖದಲ್ಲಿ ಕಳೆ ಬಂದಿತ್ತು.

"ಇಂಥ ನಿದ್ದೆ ಮಾಡಿ ಎಷ್ಟು ವರ್ಷ ಆಗಿತ್ತೋ. ಆ ದೊಡ್ಡ ಜನರೇಟರ್ ಓಡ್ತಿದ್ದಾಗ್ಲೂ ಚೆನ್ನಾಗೇ ನಿದ್ದೆ ಹತ್ತಿತ್ತು, ಅಳಿಯಂದ್ರು ನಿಲ್ಸಿ ಎಬ್ಬಿಸ್ಬಿಟ್ರು. ಪ್ರವಾಸ ಮುಗಿದ್ರೂ ನಾನು ನಿಮ್ಮನೆಗೆ ಬರಲ್ಲ ಕಣೋ ಮಗನೇ, ಇಲ್ಲೇ ಈ ವ್ಯಾನಲ್ಲೇ ಇದ್ಬಿಡ್ತೀನಿ."

ಭಾವಮೈದ ಒಂದು ಕ್ಷಣವೂ ತಡಮಾಡಲಿಲ್ಲ. ಒಬ್ಬನೇ ಆ ಜನರೇಟರನ್ನು ಎತ್ತಿ ತಂದು ಮುಳ್ಳಪ್ಪನ ಕಾಲ ಬುಡದಲ್ಲಿಟ್ಟ.

"ತಗೊಳ್ಳಿ ಭಾವ. ಇನ್ಮೇಲೆ ಇದು ನಿಮ್ದೇ."