ಮಂಗಳೂರು ಹೆಂಚಿನ ಅಳಿಯ

ಹೋಟ್ಲು ಇಟ್ಟೋನನ್ನ ಕಟ್ಕೊಂಡೋಳು ನಗೋದಕ್ಕೆ ಅಂತ ಬೇರೆ ಎಲ್ಲೂ ಹೋಗ್ಬೇಕಾಗಿಲ್ಲ. ಅದ್ರಲ್ಲೂ ಗಂಡ ಮಂಗಳೂರೋನು, ಹೆಂಡ್ತಿ ಕೊತ್ತಗೆರೆಯೋಳು, ಹೋಟ್ಲು ಕುಣಿಗಲ್ ಬಸ್ ಸ್ಟ್ಯಾಂಡ್ ಎದುರಿಗೆ ಅಂದ್ಮೇಲೆ ಕೇಳೋದೇ ಬೇಡ. ದಿನಾ ಒಂದಲ್ಲ ಒಂದು ನಡೀತಾನೇ ಇರೋದು. ಈಗ ಹೋಟ್ಲೂ ಇಲ್ಲ, ನಮ್ಮೋರೂ ಇಲ್ಲ. ಮೊಮ್ಮಕ್ಕಳು "ತಾತನ ಕಥೆ ಹೇಳಜ್ಜಿ" ಅಂತ ಸುತ್ತ ಕೂತ್ಕೊಂಡ್ರೆ ಹೇಳ್ತೀನಿ. ಅವು ನಗ್ತಾ ಇರ್ತವೆ, ನಾನು ಸೆರಗಲ್ಲಿ ಮೂಗು ಒರೆಸ್ಕೋತಾ ಇರ್ತೀನಿ. ನಗೋ ಕಥೆಗೆ ಯಾಕಜ್ಜಿ ಅಳ್ತೀಯಾ ಅಂತ ಕೇಳ್ತವೆ. ಪೂರ್ತಿ ಕೇಳ್ರೋ ಮೊದ್ಲು ಅಂತೀನಿ.

೧. ಹೆಣ್ಣು ನೋಡೋ ಶಾಸ್ತ್ರ

ನಮ್ಮೋರು ನನ್ನ ನೋಡೋಕೆ ಬಂದದ್ದು ಎಪ್ಪತ್ತರ ದಶಕದ ಶುರುವಿನಲ್ಲಿ. ಜೊತೇಲಿ ಅಪ್ಪ ಇಲ್ಲ, ಅಮ್ಮ ಇಲ್ಲ. ಅವರು ಮೊದ್ಲು ಕೆಲಸಕ್ಕಿದ್ದ ಹೋಟ್ಲಿನ ಯಜಮಾನ್ರೇ ಹಿರಿಯರು. ಚಾಪೆ ಹಾಸಿ ಕೂರಿಸಿದ್ರು. ನಾನು ಕಾಫಿ ಲೋಟ ಹಿಡ್ಕೊಂಡು ಬಂದು ನಿಂತೆ. ಗಂಡು ನನ್ನ ಕಡೆ ನೋಡ್ಲೇ ಇಲ್ಲ. ಕತ್ತೆತ್ತಿಕೊಂಡು ಸೂರು ನೋಡ್ತಾ ಕೂತಿದ್ರು. ಲೋಟ ಕೊಟ್ರೆ ಅದನ್ನೂ ಮೇಲೆ ನೋಡ್ಕೊಂಡೇ ಈಸ್ಕೊಂಡ್ರು.

ನಮ್ಮಮ್ಮ ಒಳಗೆ ಬಂದು, "ಕತ್ತು ಉಳುಕೈತೇನೋ ಕಣೇ, ಪಾಪ" ಅಂದ್ಲು. ನಮ್ಮ ತಾತ ಸುಮ್ನಿರೋ ಆಸಾಮಿ ಅಲ್ಲ. "ಏನಪ್ಪಾ, ನೀನು ಹೆಣ್ಣು ನೋಡಾಕೆ ಬಂದಿದ್ಯೋ, ಮನೆ ಕೊಂಡ್ಕಳಾಕೆ ಬಂದಿದ್ಯೋ?" ಅಂತ ಕೇಳೇಬಿಟ್ರು.

ನಮ್ಮೋರ ಮುಖ ಕೆಂಪಾಯ್ತು. "ಹಾಗಲ್ಲ ಅಜ್ಜಾ, ಇದು ನಮ್ಮೂರಿನ ಹೆಂಚು. ನನ್ನ ಅಪ್ಪ ಕೆಲಸಕ್ಕಿದ್ದ ಕಾರ್ಖಾನೆಯದ್ದೇ. ಅಡಿಯಲ್ಲಿ ಅಚ್ಚು ಉಂಟು ನೋಡಿ" ಅಂದ್ರು.

"ಅಪ್ಪ ಬದುಕವ್ರಾ?"

"ಗೊತ್ತಿಲ್ಲ. ಅಮ್ಮ ಮೊದಲೇ ತೀರಿಕೊಂಡದ್ದು. ಅಕ್ಕ ಒಬ್ಬಳಿದ್ದಾಳೆ, ಅವಳೇ ನನ್ನನ್ನು ಸಾಕಿದ್ದು."

"ಅಂಗಾದ್ರೆ ಮದ್ವೆಗೆ ಅಕ್ಕನ್ನ ಕರ್ಕಂಬಾ."

"ಈಗ ಆಗ್ಲಿಕ್ಕಿಲ್ಲ ಅಜ್ಜಾ. ಮುಂದಿನ ವರ್ಷ ನಾವೇ ಹೋಗಿ ನೋಡಿಕೊಂಡು ಬರ್ತೇವೆ" ಅಂದ್ರು ನಮ್ಮೋರು. ಆ ಮುಂದಿನ ವರ್ಷ ಬರೋದಕ್ಕೆ ಹತ್ತು ವರ್ಷದ ಮೇಲೆ ಹಿಡೀತು.

ಅವತ್ತಿಂದ ನಮ್ಮ ತಾತ ಸಾಯೋವರೆಗೂ ಇವರನ್ನ 'ಹೆಂಚಿನ ಅಳಿಯ' ಅಂತಾನೇ ಕರೀತಿದ್ರು. ಮದುವೆಯಾಗಿ ಸುಮಾರು ದಿನ ಆದ್ಮೇಲೆ ಒಂದ್ಸಲ ಕೇಳಿದೆ, "ಅವತ್ತು ನಾನು ಯಾವ ಸೀರೆ ಉಟ್ಟಿದ್ದೆ, ನೆನಪಿದ್ಯಾ?" ಅಂತ. ಯೋಚನೆ ಮಾಡಿ ಹೇಳಿದ್ರು: "ಸೀರೆ ಗೊತ್ತಿಲ್ಲ ಮಾರಾಯ್ತಿ. ಅಡಿಗೆಮನೆ ಬಾಗಿಲಿನ ಮೇಲೆ ಒಂದು ಹೆಂಚು ಒಡೆದಿತ್ತು."

೨. ಕೋಡಿ ಯಾವ ಕಡೆ?

ನಮ್ಮ ಹೋಟ್ಲಲ್ಲಿ ಇಡ್ಲಿ ಜೊತೆ ಚಟ್ನಿ ಕೊಡ್ತಿದ್ರೋ ಇಲ್ವೋ, ಮಂಗಳೂರಿನ ಚರಿತ್ರೆ ಮಾತ್ರ ತಪ್ಪದೆ ಕೊಡ್ತಿದ್ರು. ಅರಬರ ಹಡಗು ಮೆಣಸಿಗೆ ಬರ್ತಿದ್ದದ್ದು, ಶತ್ರುಗಳ ಹಡಗು ನದಿಯೊಳಗೆ ನುಗ್ಗದ ಹಾಗೆ ಸುಲ್ತಾನ ಬತ್ತೇರಿ ಅನ್ನೋ ಕಾವಲು ಗೋಪುರ ಕಟ್ಟಿಸಿದ್ದು, ಜರ್ಮನಿಯ ಪಾದ್ರಿಗಳು ಬಂದು ಹೆಂಚು ಸುಡೋದು ಕಲಿಸಿದ್ದು, ಬಾವುಟಗುಡ್ಡೆ ಮೇಲೆ ನಿಂತ್ರೆ ಸಮುದ್ರ ಹೇಗೆ ಕಾಣುತ್ತೆ ಅನ್ನೋದು, ಎಲ್ಲಾನೂ. ಗುಬ್ಬಿ ಸಂತೆ ಮುಗಿಸಿ ಹಸ್ಕೊಂಡು ಬಂದ ವ್ಯಾಪಾರಿಗಳು ಎಲೆ ಮುಂದೆ ಕೂತು, "ಅಣ್ಣಾ, ಆ ಸುಲ್ತಾನ ಗೋಪುರ ಕಟ್ಟೋದ್ರೊಳಗೆ ಸಾಂಬಾರು ಬರ್ತದಾ?" ಅಂತ ಕೇಳೋರು.

ದಿನಾ ಬೆಳಿಗ್ಗೆ ಕಾಫಿಗೆ ಬರ್ತಿದ್ದ ನೀರುಗಂಟಿ ಒಬ್ಬ ಇದ್ದ. ಕುಣಿಗಲ್ ದೊಡ್ಡಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡೋದು ಅವನ ಕೆಲಸ. ಅವನೊಬ್ಬ ಮಾತ್ರ ಪೂರ್ತಿ ಕೇಳೋನು. ಒಂದಿನ ಲೋಟ ಕೆಳಗಿಟ್ಟು ಕೇಳಿದ:

"ಮಂಗ್ಳೂರಣ್ಣ, ನಿಮ್ಮ ಸಮುದ್ರುಕ್ಕೆ ಕೋಡಿ ಯಾವ ಕಡೆ ಬತ್ತದೆ?"

"ಸಮುದ್ರಕ್ಕೆ ಕೋಡಿ ಇಲ್ಲ ಮಾರಾಯ."

"ಕೋಡಿ ಇಲ್ದೆ? ತುಂಬುದ್ರೆ ಎಲ್ಲಿಗೋಯ್ತದೆ?"

"ತುಂಬುವುದೇ ಇಲ್ಲ."

"ಎರಡು ಹೊಳೆ ಬಂದು ಬೀಳ್ತವೆ ಅಂತ ನೀವೇ ಯೋಳಿದ್ರಿ?"

"ಬೀಳ್ತವೆ. ಆದ್ರೂ ತುಂಬುವುದಿಲ್ಲ."

ನೀರುಗಂಟಿ ಬಹಳ ಹೊತ್ತು ತಲೆ ಕೆರ್ಕೊಂಡ. ಎದ್ದು ಹೋಗೋವಾಗ ನಮ್ಮೋರ ಭುಜದ ಮೇಲೆ ಕೈ ಇಟ್ಟು ಹೇಳಿದ: "ಎಲ್ಲೋ ತೂಬು ಸೋರ್ತಾ ಐತೆ ಕಣಣ್ಣ. ಊರಿಗೋದಾಗ ಯಾರಿಗಾದ್ರೂ ಯೋಳಿ ನೋಡ್ಸಿ."

ಎಲ್ಲಾರೂ ನಕ್ರು. ನಮ್ಮೋರೂ ನಕ್ಕು ಒಳಗೆ ಬಂದ್ರು. ಒಲೆ ಮುಂದೆ ನಿಂತು, "ಊರಿಗೆ ಹೋದಾಗ ಅಂತೆ" ಅಂದು ಕಣ್ಣುಜ್ಜಿಕೊಂಡ್ರು. ಹೊಗೆ ಇರ್ಲಿಲ್ಲ, ಅದು ಸೀಮೆಎಣ್ಣೆ ಸ್ಟವ್ವು.

೩. ಹೋಗೋ ತಿಂಗಳೇ ಇಲ್ಲ

ಅವರು ಊರು ಬಿಟ್ಟದ್ದು ಹೇಗೆ ಅಂತ ನನಗೆ ಹೇಳಿದ್ದು ಮದುವೆಯಾಗಿ ಎಷ್ಟೋ ಕಾಲದ ಮೇಲೆ. ಆ ವರ್ಷ ದೊಡ್ಡಕೆರೆ ತುಂಬಿತ್ತು. ಸಾಯಂಕಾಲ ಏರಿ ಮೇಲೆ ಕರ್ಕೊಂಡು ಹೋಗಿ, "ಸಮುದ್ರ ಅಂದ್ರೆ ಇದೇ, ಆಚೆ ದಡ ಇಲ್ಲ ಅಂತ ಅಂದ್ಕೋ" ಅಂದ್ರು. ನಾನು ಅಂದ್ಕೊಂಡೆ. ಆವಾಗ ಹೇಳಿದ್ರು.

ಅವರ ಮನೆ ಮಂಗಳೂರಿನ ಬೋಳಾರದಲ್ಲಿ, ಹೊಳೆ ದಡದಲ್ಲಿ, ಹೆಂಚಿನ ಕಾರ್ಖಾನೆಗಳ ಪಕ್ಕ. ಹುಡುಗ ಆಗಿದ್ದಾಗ ಹಾಯಿ ಹಡಗು ಕಾಣುತ್ತೆ ಅಂತ ಮನೆ ಮಾಡಿನ ಮೇಲೆ, ಅಂದ್ರೆ ಸೂರಿನ ಮೇಲೆ, ಹತ್ತೋದು, ಹೆಂಚು ಒಡೆಯೋದು. ಅಪ್ಪ ಮುಂಗೋಪಿ, ಹೊಡೆದ್ರೆ ಚರ್ಮ ಸುಲಿಯೋ ಹಾಗೆ ಹೊಡೆಯೋರಂತೆ. ಒಂದಿನ ಮತ್ತೆ ಒಡೀತು. ಕೆಳಗಿದ್ದ ಅಕ್ಕ, "ಇವತ್ತು ಅಪ್ಪ ಬರ್ಲಿ, ಹೇಳಿಯೇ ಹೇಳ್ತೇನೆ" ಅಂದಳು. ಇವರು ಹಿಂದಿನಿಂದ ಇಳಿದು, ಹೆಂಚು ತುಂಬಿದ ಲಾರಿ ಹತ್ತಿ ಅವಿತುಕೊಂಡ್ರು. ಲಾರಿ ಘಟ್ಟ ಹತ್ತಿ ಕುಣಿಗಲ್ಲಲ್ಲಿ ಹೆಂಚು ಇಳಿಸ್ತು, ಹೆಂಚಿನ ಜೊತೆ ಇವರನ್ನೂ ಇಳಿಸ್ತು.

"ಒಂದು ಕಾಗದ ಹಾಕ್ಬಾರ್ದಿತ್ತಾ?" ಅಂದೆ.

"ಮೊದಲು ಅಪ್ಪನ ಹೆದರಿಕೆ. ಆಮೇಲೆ ನಾಚಿಕೆ. ಆಮೇಲೆ ಬಹಳ ವರ್ಷ ಆಗಿಹೋಯ್ತು ಮಾರಾಯ್ತಿ."

"ಹೋಗೋಣ ನಡೀರಿ" ಅಂತ ನಾನು ವರ್ಷಾ ವರ್ಷಾ ಹೊರಡಿಸೋದು, ಅವರು ತಪ್ಪಿಸ್ಕೊಳ್ಳೋದು. ಜೂನಲ್ಲಿ ಕೇಳಿದ್ರೆ ಅಲ್ಲಿ ಮಳೆ ಜೋರು ಅನ್ನೋರು. ಜನವರೀಲಿ ಕೇಳಿದ್ರೆ ಸೆಕೆ ಶುರುವಾಗುತ್ತೆ ಅನ್ನೋರು. ಏಪ್ರಿಲಲ್ಲಿ ಆ ಊರಲ್ಲಿ ಮನುಷ್ಯರು ಇರ್ಲಿಕ್ಕೇ ಆಗುವುದಿಲ್ಲ ಅನ್ನೋರು. ಹಂಗಾದ್ರೆ ಅಲ್ಲಿರೋರೆಲ್ಲ ಯಾರ್ರೀ ಅಂತ ಕೇಳಿದ್ರೆ ದೋಸೆ ಹಿಟ್ಟು ರುಬ್ಬೋಕೆ ಎದ್ದು ಹೋಗೋರು.

ಇನ್ನೊಂದು ವಿಷಯ. ನಮ್ಮೋರು ನಿದ್ದೇಲಿ ತುಳು ಮಾತಾಡ್ತಿದ್ರು. ಯಾವಾಗ್ಲೂ ಒಂದೇ ಮಾತು. ನನಗೆ ಬಾಯಿಪಾಠ ಆಗೋಗಿತ್ತು. ಹಂಗಂದ್ರೆ ಏನ್ರೀ ಅಂತ ಬೆಳಿಗ್ಗೆ ಕೇಳಿದ್ರೆ, "ದೋಸೆ ಮಗುಚಿ ಹಾಕು ಅಂತ" ಅನ್ನೋರು. ಹಗಲೆಲ್ಲಾ ದೋಸೆ ಹುಯ್ದು, ಮಲಗಿದ್ಮೇಲೂ ದೋಸೇನೇ ಮಗುಚ್ತಾರಲ್ಲ ಅಂತ ನನಗೆ ಅಯ್ಯೋ ಅನ್ಸೋದು.

೪. ಘಟ್ಟದೋರು

ಎಂಬತ್ತರ ದಶಕದಲ್ಲಿ ಒಂದಿನ ಮಂಗಳೂರು ಕಡೆ ಲಾರಿ ಡ್ರೈವರ್ ಒಬ್ಬ ಊಟಕ್ಕೆ ಬಂದವನು, "ಬೋಳಾರದ ಹೆಂಚಿನ ಕಾರ್ಖಾನೆಗಳು ಒಂದೊಂದೇ ಬಾಗಿಲು ಹಾಕ್ತಾ ಉಂಟು, ಎಲ್ಲರದ್ದೂ ಈಗ ತಾರಸಿ ಮನೆ, ಆರ್‌ಸಿಸಿ" ಅಂದ. ನಮ್ಮೋರು ಬಡಿಸ್ತಾ ಇದ್ದೋರು ನಿಂತುಬಿಟ್ರು. ಮಾರನೇ ದಿನ ಹೋಟ್ಲಿಗೆ ಬೀಗ. ನಾನು ತುಮಕೂರಿಂದ ತಂದಿದ್ದ ಹೊಸ ಸೀರೆ ಉಟ್ಟು, ಅಕ್ಕನಿಗೂ ಒಂದು ಸೀರೆ ಇಟ್ಕೊಂಡೆ. ಬಸ್ಸು ಘಟ್ಟ ಇಳೀತಾ ಇದ್ದ ಹಾಗೇ ನಮ್ಮೋರು, "ನೀನು ಸುಮ್ಮನೆ ನನ್ನ ಹಿಂದೆ ಬಾ. ಆ ಊರಿನ ಗಲ್ಲಿ ಗಲ್ಲಿ ಗೊತ್ತುಂಟು ನನಗೆ" ಅಂದ್ರು.

ಮಂಗಳೂರಿನ ಹಂಪನಕಟ್ಟೆಯಲ್ಲಿ ಇಳಿದು ಹತ್ತು ಹೆಜ್ಜೆ ಇಡೋದ್ರೊಳಗೆ ದಾರಿ ತಪ್ಪಿತು. ಕೊನೆಗೆ ಒಂದು ಆಟೋ ಹತ್ತಿದ್ವಿ. ಡ್ರೈವರ್ ಹಿಂದೆ ತಿರುಗಿ, "ಘಟ್ಟದ ಮೇಲಿನವರಾ?" ಅಂದ.

"ಅಲ್ಲ, ನಾನು ಇಲ್ಲಿಯವನೇ. ತಡವಾಯ್ತು, ಹೊರಡಿ, ಬುಡಿ ಮಾರಾಯ್ರೆ" ಅಂದ್ರು ನಮ್ಮೋರು. ನಮ್ಮ ಕುಣಿಗಲ್ ಕಡೆಯ ಆ 'ಬುಡಿ' ಕೇಳಿ ಡ್ರೈವರಿಗೆ ಯಾವ ಅನುಮಾನಾನೂ ಉಳೀಲಿಲ್ಲ.

ಸೀದಾ ಬೋಳಾರಕ್ಕೆ ಹೋಗ್ಬೇಕಾದ ಆಟೋನ ನಮ್ಮೋರು ಮೊದ್ಲು ಬಾವುಟಗುಡ್ಡೆಗೆ ತಿರುಗಿಸಿದ್ರು, ಆಮೇಲೆ ಸುಲ್ತಾನ್ ಬತ್ತೇರಿಗೆ. ಅಲ್ಲಿ ಡ್ರೈವರ್, "ಇದು ರಾಜ ರಾಣಿಗೆ ಸೂರ್ಯ ಮುಳುಗುವುದು ನೋಡ್ಲಿಕ್ಕೆ ಕಟ್ಟಿಸಿದ್ದು" ಅಂದ. ನಮ್ಮೋರು ಆಟೋದಿಂದ ಇಳಿದು ಗೋಡೆ ತೋರಿಸಿದ್ರು. "ಅಲ್ಲಪ್ಪಾ, ಶತ್ರು ಹಡಗು ಕಾಯ್ಲಿಕ್ಕೆ ಕಟ್ಟಿಸಿದ್ದು. ತೂತು ನೋಡು, ತುಪಾಕಿ ಇಡ್ಲಿಕ್ಕೆ."

ಡ್ರೈವರ್ ಬೇಜಾರು ಮಾಡ್ಕೊಳ್ಲಿಲ್ಲ. "ನೀವು ಘಟ್ಟದ ಮೇಲಿನವರಲ್ವಾ, ನಿಮಗೆ ಗೊತ್ತಿರ್ಲಿಕ್ಕಿಲ್ಲ" ಅಂತ ಸಮಾಧಾನ ಹೇಳಿದ. ಕುಣಿಗಲ್ಲಲ್ಲಿ ಇಷ್ಟು ವರ್ಷ ಮಂಗಳೂರಿನೋರಾಗಿದ್ದ ನಮ್ಮೋರು ಮಂಗಳೂರಲ್ಲಿ ಅರ್ಧ ದಿನದಲ್ಲಿ ಕುಣಿಗಲ್ಲಿನೋರಾದ್ರು.

ಅಲ್ಲಿಂದ ಪಣಂಬೂರಿನ ಸಮುದ್ರ. ನೀರುಗಂಟಿ ಮಾತಿಗೆ ನಗಾಡಿದೋಳು ನಾನು, ಅಷ್ಟು ನೀರು ಕಂಡ ತಕ್ಷಣ ನನ್ನ ಬಾಯಲ್ಲಿ ಬಂದದ್ದೂ "ಏರಿ ಎಲ್ರೀ?" ಅಂತಾನೇ. ನಮ್ಮೋರು ನಗ್ಲಿಲ್ಲ. ಮರಳಲ್ಲಿ ಕುಕ್ಕರುಗಾಲಲ್ಲಿ ಕೂತು, "ಅಕ್ಕ ನೀನು ಯಾರು ಅಂತ ಕೇಳಿದ್ರೆ ಏನು ಹೇಳ್ಲಿ?" ಅಂದ್ರು.

"ತಮ್ಮ ಅಂತ ಹೇಳಿ."

"ನಂಬದಿದ್ರೆ?"

"ನಂಬದಿದ್ರೆ ಸಾಯಂಕಾಲ ಬಸ್ಸಿದೆ, ವಾಪಸ್ ಹೋಗೋಣ."

"ಕುಣಿಗಲ್ಲಿಗೆ ಬಸ್ಸುಂಟು ಮಾರಾಯ್ತಿ. ಆಮೇಲೆ ನನ್ನ ಊರು ಅಂತ ಯಾವುದಕ್ಕೆ ಹೇಳುವುದು?" ಅಂದ್ರು. ನಾನು ಕೈ ಹಿಡಿದು ಎಬ್ಬಿಸಿದೆ.

೫. ಏಣಿ

ಅವರಕ್ಕ ಇದಾದ್ಮೇಲೆ ಬದುಕಿದ್ದು ಒಂದೇ ಮಳೆಗಾಲ. ಅದನ್ನ ಈಗ್ಲೇ ಹೇಳ್ಬಿಡ್ತೀನಿ. ಕೊನೇಲಿ ಹೇಳಿದ್ರೆ ನಗೋಕಾಗಲ್ಲ.

ಬೋಳಾರದಲ್ಲಿ ಮನೆ ಹುಡುಕೋದು ಕಷ್ಟ ಆಗ್ಲಿಲ್ಲ. ಸುತ್ತ ಎಲ್ಲಾ ತಾರಸಿ, ಅದೊಂದೇ ಹಳೇ ಹೆಂಚಿನ ಮನೆ. ಜಗಲಿ ಮೇಲೆ ತಲೆ ನರೆತ ಹೆಂಗಸೊಬ್ಬರು ಬೀಡಿ ಕಟ್ತಾ ಕೂತಿದ್ರು. ನಮ್ಮೋರು ಅಂಗಳದಲ್ಲಿ ನಿಂತ್ರು. ಹೆದರಿಕೆ ಆದಾಗ ಎಲ್ಲಿ ನೋಡೋರೋ ಅಲ್ಲೇ ನೋಡಿದ್ರು, ಕತ್ತೆತ್ತಿ ಸೂರಿನ ಕಡೆ.

"ಹೆಂಚು ಕೊಳ್ಳಲಿಕ್ಕೆ ಬಂದವರಾ?" ಅಂದ್ರು ಆ ಹೆಂಗಸು ಕನ್ನಡದಲ್ಲಿ. "ಘಟ್ಟದ ಮೇಲಿಂದ ಹಳೇ ಹೆಂಚಿಗೆ ಬಹಳ ಜನ ಬರ್ತಾರೆ. ಇದು ಕೊಡುವುದಲ್ಲ."

ನಮ್ಮೋರು ಇನ್ನೂ ಸೂರನ್ನೇ ನೋಡ್ತಿದ್ರು. ನಾನೇ ಕೇಳಿದೆ, "ಯಾಕಮ್ಮಾ?"

"ಮಗಳು ತಾರಸಿ ಮಾಡುವ ಅಂತಾಳೆ. ನಾನು ಬೇಡ ಅಂದೆ. ನನಗೊಬ್ಬ ತಮ್ಮ ಇದ್ದಾನೆ, ಸಣ್ಣವನಿದ್ದಾಗ ಓಡಿ ಹೋದದ್ದು. ಬಂದರೆ ಮನೆ ಗುರುತು ಸಿಗ್ಬೇಕಲ್ಲ."

ನಾನು ನಮ್ಮೋರ ಸೊಂಟಕ್ಕೆ ತಿವಿದೆ. ಹೇಳ್ರೀ, ಈಗ ಹೇಳ್ರೀ ಅಂತ. ಆ ಮನುಷ್ಯನ ಬಾಯಿಂದ ಒಂದಕ್ಷರ ಹೊರಡ್ಲಿಲ್ಲ. ಗಿರಾಕಿಗಳಿಗೆ ಇಡೀ ಮಂಗಳೂರು ಹೇಳಿದ ಬಾಯಿ ಅದು.

ಅಕ್ಕ ಅವರನ್ನ ಹೆಂಚಿನ ವ್ಯಾಪಾರಿ ಅಂತಾನೇ ತಿಳ್ಕೊಂಡ್ರು. "ಒಂದು ಉಪಕಾರ ಮಾಡ್ತೀರಾ? ಅಲ್ಲೊಂದು ಹೆಂಚು ಒಡೆದುಂಟು, ಹೊಸದು ತಂದಿಟ್ಟು ಎಷ್ಟೋ ಸಮಯ ಆಯ್ತು. ಈಗ ಮೇಲೆ ಹತ್ತುವವರೇ ಇಲ್ಲ. ಏಣಿ ಉಂಟು" ಅಂದ್ರು. ನಮ್ಮೋರು ಮರುಮಾತಿಲ್ಲದೆ ಪಂಚೆ ಎತ್ತಿ ಕಟ್ಟಿ, ಹೊಸ ಹೆಂಚು ಬಗಲಲ್ಲಿ ಇಟ್ಕೊಂಡು ಏಣಿ ಹತ್ತಿದ್ರು. ನಲವತ್ತು ದಾಟಿದ ದೇಹ, ಹೋಟ್ಲಿನ ಹೊಟ್ಟೆ. ಏಣಿ ಕಿರುಗುಟ್ತಾ ಇತ್ತು. ನಾನು ಕೆಳಗೆ ಹಿಡ್ಕೊಂಡೆ.

ಒಡೆದ ಹೆಂಚು ತೆಗೆದು ಹೊಸದು ಕೂರಿಸಿದ್ರು. ಕೂರಿಸಿ ತಲೆ ಎತ್ತಿ ಹೊಳೆ ಕಡೆ ನೋಡಿದ್ರು. ಸ್ವಲ್ಪ ಸರಿದ್ರೆ ಸಮುದ್ರ ಕಾಣುತ್ತೇನೋ ಅಂತ ಒಂದು ಹೆಜ್ಜೆ ಪಕ್ಕಕ್ಕಿಟ್ರು. ಪಟ್ ಅಂತು. ಕಾಲಡಿ ಎರಡು ಹೆಂಚು ಒಟ್ಟಿಗೆ ಹೋದ್ವು.

ಆ ಕ್ಷಣಕ್ಕೆ ನಮ್ಮೋರು ಎರಡೂ ಕೈ ತಲೆ ಮೇಲಿಟ್ಕೊಂಡು ಕೂಗಿದ್ರು ನೋಡಿ, ತುಳುವಿನಲ್ಲಿ, ನಿದ್ದೇಲಿ ಬಡಬಡಿಸ್ತಿದ್ದ ಅದೇ ಮಾತು. ನನಗೆ ತಲೆ ಕೆಟ್ಟುಹೋಯ್ತು. ಇಂಥಾ ಹೊತ್ನಲ್ಲಿ ಮಾಡಿನ ಮೇಲೆ ಕೂತು ದೋಸೆ ಮಗುಚಿ ಹಾಕು ಅಂತಾರಲ್ಲ ಈ ಮನುಷ್ಯ, ಅದೂ ಗುರುತಿಲ್ಲದೋರ ಮನೇಲಿ.

ಅಕ್ಕನ ಮಡಿಲಿಂದ ಬೀಡಿ ಎಲ್ಲಾ ಚೆಲ್ಲಿತು. ಎದ್ದು ಅಂಗಳಕ್ಕೆ ಬಂದು ಮೇಲೆ ನೋಡಿದ್ರು. ಮೆಲ್ಲಗೆ ಏನೋ ಹೇಳಿದ್ರು, ಅದೂ ತುಳುವಿನಲ್ಲೇ.

"ಏನಮ್ಮಾ ಅಂದ್ರು ಅವರು?" ಅಂತ ಕೇಳ್ದೆ.

"ಅಕ್ಕಾ, ಅಪ್ಪನಿಗೆ ಹೇಳ್ಬೇಡ ಅಂದ."

"ನೀವೇನಂದ್ರಿ?"

"ಹೇಳುವುದಿಲ್ಲ, ಇಳಿ ಅಂದೆ."

ನಮ್ಮೋರು ಇಳೀಲಿಲ್ಲ. ಮೊಣಕಾಲಲ್ಲಿ ಮುಖ ಹುದುಗಿಸ್ಕೊಂಡು ಅಲ್ಲೇ ಕೂತು, ಮಗು ಥರ ಬಿಕ್ಕಿ ಬಿಕ್ಕಿ ಅತ್ರು. ನನಗೂ ತಡೆಯೋಕಾಗ್ಲಿಲ್ಲ. ಕಣ್ಣೊರೆಸ್ಕೊಳ್ಳೋಣ ಅಂತ ಏಣಿಯಿಂದ ಒಂದು ಕೈ ತೆಗೆದೆ. ಅಕ್ಕ ತಟ್ಟನೆ ನನ್ನ ಕೈ ಹಿಡಿದು ಮತ್ತೆ ಏಣಿ ಮೇಲಿಟ್ರು.

"ನೀನು ಏಣಿ ಬಿಡ್ಬೇಡ ಮಾರಾಯ್ತಿ. ಆವತ್ತು ಒಂದು ಹೆಂಚು ಒಡೆದು ಇಷ್ಟು ವರ್ಷ ಹೋದ, ಇವತ್ತು ಎರಡು ಒಡೆದಿದ್ದಾನೆ."