ಜಗಲಿ ಏರಿದ ಡೈನೋಸಾರು

ಆ ಬೆಳಿಗ್ಗೆ ಮನೆಯಲ್ಲಿದ್ದದ್ದು ಎರಡೇ ಮುದ್ದೆ ಮಣ್ಣು. ಮಣ್ಣಿನ ಜೋಡಿ ಎತ್ತು ಮಾಡಿ ಪೂಜಿಸುವ ಮಣ್ಣೆತ್ತಿನ ಅಮಾವಾಸ್ಯೆಗೆಂದು ಅತ್ತೆ ಸಿದ್ದವ್ವ ತಿಳವಳ್ಳಿ ಕೆರೆಯ ದಂಡೆಯಿಂದ ತಂದು, ಕಲ್ಲು ಕಸ ಆರಿಸಿ, ನಾದಿ ಇಟ್ಟಿದ್ದಳು. ಒಂದು ಮುದ್ದೆಯಲ್ಲಿ ಒಂದು ಎತ್ತು ಮಾಡಿ, ಇನ್ನೊಂದನ್ನು ಬಂದು ಮಾಡಿದರಾಯಿತೆಂದು ಗುಡಿಗೆ ಹೋದಳು. ಉಳಿದ ಮುದ್ದೆಗೆ ಸೊಸೆ ಸುಧಾರಾಣಿ ಕೈ ಹಾಕಿದಳು.

ಅವಳಿಗೆ ಬೇರೆ ದಾರಿ ಇರಲಿಲ್ಲ. ಮಧ್ಯಾಹ್ನ ಮೂರಕ್ಕೆ ಮಗಳು ಭಾಗ್ಯಶ್ರೀಯ ಶಾಲೆಯಲ್ಲಿ ಪ್ರದರ್ಶನ. ಐದನೆಯ ತರಗತಿಯವರು ಡೈನೋಸಾರು ಮಾಡಿ ತರಬೇಕು. ಹೋದ ವರ್ಷ ಜ್ವಾಲಾಮುಖಿ ಮಾಡಿಕೊಡಲು ಸುಧಾರಾಣಿಗೆ ಹೊತ್ತೇ ಸಿಕ್ಕಿರಲಿಲ್ಲ. ಹುಡುಗಿ ಬರಿಗೈಯಲ್ಲಿ ಸಾಲಿನ ಕೊನೆಗೆ ನಿಂತು ಬಂದಿದ್ದಳು. ಮನೆಗೆ ಬಂದು ಅಳಲಿಲ್ಲ, ದೂರಲಿಲ್ಲ, ಸುಮ್ಮನೆ ಊಟ ಮಾಡಿ ಮಲಗಿದಳು. ಅತ್ತಿದ್ದರೇ ಚೆನ್ನಾಗಿತ್ತು ಎಂದು ಸುಧಾರಾಣಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿತ್ತು. ಈ ಸಲ ಮಾಡಿಯೇ ಕೊಡುತ್ತೇನೆಂದು ಮಾತು ಕೊಟ್ಟಿದ್ದಳು.

ಪುಸ್ತಕದ ಚಿತ್ರ ನೋಡಿ ನೋಡಿ ಉದ್ದ ಕತ್ತಿನ, ಉದ್ದ ಬಾಲದ ಡೈನೋಸಾರು ಮಾಡಿದಳು. ಒಣಗಲೆಂದು ಹೊರಗಿನ ಕಟ್ಟೆಯ ಮೇಲಿಟ್ಟಳು. ಅತ್ತೆ ಬರುವುದರೊಳಗೆ ಬೇರೆ ಮಣ್ಣು ತಂದಿಡಬೇಕು ಅಂದುಕೊಳ್ಳುವಷ್ಟರಲ್ಲಿ ಎದುರು ಮನೆಯ ಯಂಕವ್ವ ಬಂದು ನಿಂತಳು.

“ಸುಧಾ, ಇದೆಂಥಾ ಎತ್ತ ಮಾಡೀಯ? ಕೋಡ ಇಲ್ಲ, ಡುಬ್ಬ ಇಲ್ಲ.”

“ಎತ್ತಲ್ರಿ ಯಂಕಕ್ಕ. ಡೈನೋಸಾರು. ಭಾಗ್ಯಾನ ಸಾಲಿಗೆ ಬೇಕಾಗೈತಿ.”

“ಅದ್ಯಾವ ಸೀಮಿ ದನ?”

“ದನ ಅಲ್ರಿ. ಹಲ್ಲಿ ಇದ್ದಂಗ, ಆದ್ರ ನಮ್ಮ ಮನಿಗಿಂತ ದೊಡ್ಡದು. ಆರೂವರಿ ಕೋಟಿ ವರ್ಷದ ಹಿಂದ ಎಲ್ಲಾ ಸತ್ತು ಹೋಗ್ಯಾವು. ಈಗ ಬರೇ ಎಲುಬು ಸಿಗ್ತಾವ, ಕಲ್ಲಾಗಿ.”

“ಸತ್ತ ಹಲ್ಲೀನ ಅಮಾಸಿ ದಿನ ಕಟ್ಟಿ ಮ್ಯಾಲ ಕುಂದರಿಸೀಯಲ್ಲವಾ. ನಿಮ್ಮತ್ತಿ ನೋಡಿದ್ರ ಏನಂದಾಳು?”

ಅಷ್ಟರಲ್ಲಿ ಒಳಗೆ ಹೋಳಿಗೆಯ ಬೇಳೆ ಉಕ್ಕಿದ ವಾಸನೆ ಬಂತು. ಸುಧಾರಾಣಿ ಓಡಿದಳು. ಯಂಕವ್ವ ಒಳ್ಳೆಯ ಹೆಂಗಸು. ಅತ್ತೆ ಸೊಸೆ ಹಬ್ಬದ ದಿನ ಜಗಳಾಡಬಾರದೆಂದು ಡೈನೋಸಾರಿನ ಕತ್ತನ್ನು ಹಿಡಿದು, ಆಮೆಯ ತಲೆಯಂತೆ ಒಳಕ್ಕೆ ಒತ್ತಿ, ಮನೆಗೆ ಹೋದಳು.

ಆಮೇಲೆ ಲಕ್ಕಪ್ಪ ಬಂದ. ಓಣಿಯಲ್ಲಿ ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುವವನು ಅವನೊಬ್ಬನೇ. ಸುಧಾರಾಣಿ ಒಲೆ ಒರೆಸಿ ಹೊರಗೆ ಬರುವಷ್ಟರಲ್ಲಿ ಅವನು ಬಾಲದ ಅರ್ಧ ಮಣ್ಣು ಕಿತ್ತು, ಬೆನ್ನಿಗೆ ಡುಬ್ಬ ಏರಿಸಿ, ಎರಡು ಕೋಡು ತೀಡುತ್ತಿದ್ದ.

“ಕಾಕಾ, ಏನ ಮಾಡಾಕತ್ತೀರಿ?”

“ನಲವತ್ತ ವರ್ಷ ಎತ್ತ ಕಟ್ಟೇನಿ ತಂಗಿ. ಇಂಥಾ ಬಾಲ ಇಟ್ಕೊಂಡ ಎತ್ತ ಹೊಲದಾಗ ಗಳೇ ಹೊಡಿಯೂದಿಲ್ಲ. ಸರಿ ಮಾಡಿ ಕೊಡ್ತೇನಿ, ನೀ ಒಳಗಿಂದ ನೋಡ್ಕೊ.”

ಸುಧಾರಾಣಿಗೆ ವಾದಿಸುವ ತ್ರಾಣ ಇರಲಿಲ್ಲ. ಕೋಡಿನ ಡೈನೋಸಾರೂ ಪುಸ್ತಕದಲ್ಲಿತ್ತು, ಅದಕ್ಕೆ ಮೂರು ಕೋಡು. ಇನ್ನೊಂದು ಅಂಟಿಸಿದರಾಯಿತೆಂದು ಸಮಾಧಾನ ಮಾಡಿಕೊಂಡು, ಉಕ್ಕಿದ ಬೇಳೆಯನ್ನು ಬಸಿಯಲು ಹೋದಳು. ಮರಳಿ ಬಂದಾಗ ಕಟ್ಟೆ ಖಾಲಿ. ಡೈನೋಸಾರು ಒಳಗೆ ದೇವರ ಜಗಲಿಯ ಮೇಲೆ, ಇನ್ನೊಂದು ಎತ್ತಿನ ಪಕ್ಕದಲ್ಲಿ, ಗುಲಗಂಜಿಯ ಕಣ್ಣು ಬಿಟ್ಟುಕೊಂಡು, ವಿಭೂತಿ ಹಚ್ಚಿಸಿಕೊಂಡು, ಬಾಸಿಂಗ ಕಟ್ಟಿದ ಮದುಮಗನಂತೆ ಬಿಗಿಯಾಗಿ ಕುಳಿತಿತ್ತು.

ಗುಡಿಯಿಂದ ಬಂದಿದ್ದ ಸಿದ್ದವ್ವನ ಮುಖದಲ್ಲಿ ಅಪರೂಪದ ನಗು. “ನಾ ಹೇಳದನ ಜೋಡಿ ಎತ್ತ ಮಾಡಿ ಮುಗಿಸೀಯಲ್ಲ. ಈ ಮನಿಗೆ ಬಂದ ಹನ್ನೆರಡ ವರ್ಷಕ್ಕ ಬುದ್ಧಿ ಬಂತ ನೋಡ ನಿನಗ.”

“ಅತ್ತೀ, ಅದು ಭಾಗ್ಯಾನ ಸಾಲೀದ್ರಿ.”

“ಜಗಲಿ ಏರಿ ಕುಂತದ್ದನ್ನ ಪೂಜಿ ಆಗದ ಇಳಸತಾರನ? ಮೊದ್ಲ ಹೋಳಿಗಿ ಮಾಡು.”

ಸುಧಾರಾಣಿ ಹೋಳಿಗೆ ಮಾಡಿದಳು. ಹೂರಣ ರುಬ್ಬಿದಳು, ಕಟ್ಟಿನ ಸಾರು ಕುದಿಸಿದಳು. ಡೈನೋಸಾರಿಗೆ ಎಡೆ ಹಿಡಿದು, ಕಾಯಿ ಒಡೆದು, ಮನೆಯವರೆಲ್ಲ ಉಂಡು ಎದ್ದಾಗ ಎರಡೂವರೆ. ಅವಳ ತಟ್ಟೆ ಹಾಗೇ ಇತ್ತು.

“ಮೊಮ್ಮಗಳ ಸಲುವಾಗಿ ಒಯ್ಯಿ,” ಎಂದಳು ಸಿದ್ದವ್ವ ಕೊನೆಗೆ. “ದೀಪ ಹಚ್ಚೂದ್ರಾಗ ತಂದಿಡು. ಜೋಡಿ ಅಗಲಸಬಾರದು.”

ಹಿತ್ತಲಲ್ಲಿ ಕುಳಿತು ಸುಧಾರಾಣಿ ಮನಸ್ಸಿನಲ್ಲೇ ಕ್ಷಮೆ ಕೇಳಿ ವಿಭೂತಿ ತೊಳೆದಳು. ಕಣ್ಣು ಕಿತ್ತಳು. ಕೋಡು ಮುರಿದು, ಡುಬ್ಬ ತಟ್ಟಿ, ಆ ಮಣ್ಣನ್ನೆಲ್ಲ ಕತ್ತಿಗೂ ಬಾಲಕ್ಕೂ ಹಚ್ಚಿ ಎಳೆದಳು. ಅಂತೂ ಆರೂವರೆ ಕೋಟಿ ವರ್ಷದ ಹಿಂದಿನ ಪ್ರಾಣಿ ಮರಳಿ ಹುಟ್ಟಿತು. ಅದನ್ನು ಬಿದಿರಿನ ಮೊರದಲ್ಲಿಟ್ಟುಕೊಂಡು, ಸೆರಗಿನಿಂದ ಬಿಸಿಲು ತಡೆಯುತ್ತ ಶಾಲೆಗೆ ಓಡಿದಳು.

ಗೇಟಿನಲ್ಲೇ ಮರಿಯಮಬಿ ಟೀಚರು ಸಿಕ್ಕರು. ಮೊರದೊಳಗೆ ಇಣುಕಿದ ಅವರ ಮುಖ ಸಣ್ಣದಾಯಿತು.

“ಅಯ್ಯ, ಇದನ್ಯಾಕ ತಂದ್ರಿ? ಇವತ್ತ ಎಲ್ಲಾರ ಮನ್ಯಾಗೂ ಎತ್ತ ಮಾಡಾಕತ್ತಿರ್ತಾರ, ತಾಯಂದ್ರಿಗೆ ಎರಡ ಕೆಲಸ ಬ್ಯಾಡ ಅಂತ ವಿಷಯಾನ ಬದಲ ಮಾಡೇವಲ್ರಿ. ಮಣ್ಣೆತ್ತ ತಂದ್ರ ಸಾಕು ಅಂತ ಹತ್ತ ಗಂಟೆಕ್ಕನ ಗ್ರೂಪಿನ್ಯಾಗ ಹಾಕೇನಿ. ನೋಡಿಲ್ಲನ್ರಿ?”

ಹತ್ತು ಗಂಟೆಗೆ ಸುಧಾರಾಣಿಯ ಎರಡೂ ಕೈ ಕಣಕದಲ್ಲಿದ್ದವು.

ಅವಳು ನಲ್ಲಿಯ ಪಕ್ಕ ಕುಳಿತಳು. ಬಾಲ ಕಿತ್ತು ಬೆನ್ನಿಗೆ ಡುಬ್ಬ ಮಾಡಿದಳು. ಕತ್ತನ್ನು ಒಳಗೆ ಒತ್ತಿದಳು, ದಾರಿಯಲ್ಲಿ ಸೆರಗಿನಾಚೆ ಉಳಿದು ಬಿಸಿಲಿಗೆ ಬಿಗಿದುಕೊಂಡ ಕತ್ತು ಜಗ್ಗಲಿಲ್ಲ. ಕೋಡಿಗೆಂದು ಮಣ್ಣು ಚಿವುಟುವಾಗ ಗಂಟೆ ಹೊಡೆಯಿತು. ಭಾಗ್ಯಶ್ರೀ ಓಡಿ ಬಂದು, ಇದ್ದದ್ದನ್ನು ಇದ್ದ ಹಾಗೆ ಎರಡೂ ಕೈಯಲ್ಲಿ ಹಿಡಿದು ಒಳಗೆ ಒಯ್ದಳು.

ಉದ್ದ ಬೆಂಚಿನ ಮೇಲೆ ಇಪ್ಪತ್ತೆಂಟು ಎತ್ತುಗಳು ಸಾಲಾಗಿ ನಿಂತಿದ್ದವು. ಹೆಡ್‌ಮಾಸ್ತರ ಬಸವಣ್ಣೆಪ್ಪ ಒಂದೊಂದನ್ನೇ ನೋಡುತ್ತ ಬಂದು ಕೊನೆಯದರ ಮುಂದೆ ನಿಂತರು. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು.

“ಎಲ್ಲಾರೂ ಎತ್ತ ತಂದಾರ. ಈ ಮರಳುಗಾಡಿನ ಒಂಟಿ ಯಾರ ತಂದೀರಿ?”

ಬಾಗಿಲಲ್ಲಿ ನಿಂತಿದ್ದ ಸುಧಾರಾಣಿ ಮೊರವನ್ನು ಮುಖಕ್ಕೆ ಅಡ್ಡ ಹಿಡಿಯುವಷ್ಟರಲ್ಲಿ ಭಾಗ್ಯಶ್ರೀ ಹೆಮ್ಮೆಯಿಂದ ತಿರುಗಿ ಅವಳತ್ತ ಕೈ ಮಾಡಿದಳು.

“ನಮ್ಮವ್ವ ಮಾಡ್ಯಾಳ್ರಿ ಸರ. ಬೆಳಗಿಂದ ಇದೊಂದನ್ನ ಮಾಡಾಕತ್ತಾಳ್ರಿ.”